ನೀರು ಹೋಗಿದೆ, ಬೇನೆ ಬಂದಿಲ್ಲ: ಕಾಯಬೇಕೇ, ಬೇನೆ ಬರಿಸಬೇಕೇ?



ಮುಧೋಳ ತಾಲೂಕಿನ ತಿಮ್ಮಾಪುರ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಅಲ್ಲಿನ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ. ಕಾರ್ಖಾನೆಯ ಆವರಣಕ್ಕೆ ರನ್ನನಗರ ಎಂದೇ ಹೆಸರು. ಅಜಿತನಾಥ ಪುರಾಣ ಬರೆದ ನಮ್ಮ ರನ್ನ ಹುಟ್ಟಿದ ಸೀಮೆ ಇದು. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮ್ಮ ಮನೆಗಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗುವುದು ವಾಡಿಕೆ. ಕುಬಸ ಮುಗಿಸಿಕೊಂಡು ಮಗಳು ಬಂದಿರುತ್ತಾಳೆ. ಒಂದು ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. "ಅವ್ವಾ, ನೀರು ಹೋಗಾಕತ್ತಾವ" ಎನ್ನುತ್ತಾಳೆ. ಬೇನೆ ಮಾತ್ರ ಇಲ್ಲ. ಮನೆಯ ಹಿರಿಯರು "ಬ್ಯಾನಿ ಬಂದಮ್ಯಾಲೆ ಹೋದರಾತು, ಈಗ್ಯಾಕ ಗಡಿಬಿಡಿ?" ಎನ್ನುತ್ತಾರೆ. ದವಾಖಾನೆಗೆ ಹೋದರೆ ವೈದ್ಯರು "ಬೇನೆ ಬರಿಸೋಣ" ಎನ್ನುತ್ತಾರೆ. ಬೇನೆ ಬರಿಸಿದರೆ ಕೊನೆಗೆ ಸಿಜೇರಿಯನ್ನೇ ಆಗುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಈ ಎರಡು ಮಾತಿನ ನಡುವೆ ಸಹಿ ಹಾಕಬೇಕಾದ ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ ಓದಲು ಹೊತ್ತಿರುವುದಿಲ್ಲ. ಒಂಬತ್ತನೇ ತಿಂಗಳು ಬೀಳುವ ಮೊದಲೇ ಇದನ್ನು ಓದಿಕೊಂಡಿರಲಿ ಎಂದು ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ಸಮಾಧಾನದ ಮಾತು. 37 ವಾರ ತುಂಬಿದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಹೀಗೆ ಬೇನೆಗಿಂತ ಮೊದಲೇ ನೀರಿನ ಚೀಲ ಒಡೆಯುತ್ತದೆ. ಭಾರ ಎತ್ತಿದ್ದಕ್ಕೋ, ಮೆಟ್ಟಿಲು ಹತ್ತಿದ್ದಕ್ಕೋ ಆಯಿತೆಂದು ಸೊಸೆಯನ್ನು ದೂರುವುದು ತಪ್ಪು. ಇವರಲ್ಲಿ ನೂರಕ್ಕೆ ಅರವತ್ತು ಮಂದಿಗೆ 24 ತಾಸಿನೊಳಗೆ ಬೇನೆ ತಾನಾಗಿಯೇ ಶುರುವಾಗುತ್ತದೆ. ಹಿರಿಯರ ಮಾತಿಗೆ ಆಧಾರ ಇದೇ. ಅವರು ಕಂಡದ್ದು ಸುಳ್ಳಲ್ಲ. ಆದರೆ ಮಗುವಿನ ಸುತ್ತಲಿನ ಚೀಲ ಒಡೆದ ಮೇಲೆ ಕೆಳಗಿನಿಂದ ರೋಗಾಣು ಮೇಲೇರಲು ದಾರಿಯಾಗುತ್ತದೆ. ತಾಸುಗಳು ಕಳೆದಂತೆ ತಾಯಿಯ ಗರ್ಭಕೋಶಕ್ಕೂ ಮಗುವಿಗೂ ಸೋಂಕು ತಗಲುವ ಸಂಭವ ಏರುತ್ತದೆ. ಚೀಲ ಒಡೆಯದೆ ಬೇನೆ ಬಂದ ಮಕ್ಕಳಲ್ಲಿ ಗಂಭೀರ ಸೋಂಕು ಇನ್ನೂರಕ್ಕೆ ಒಂದಾದರೆ, ಹೀಗೆ ಮೊದಲೇ ಒಡೆದಲ್ಲಿ ನೂರಕ್ಕೆ ಒಂದು. ಸಣ್ಣ ಸಂಖ್ಯೆಯೇ ಸರಿ, ಆದರೆ ಎರಡು ಪಟ್ಟು.

ಮನೆಯಲ್ಲಿ ಮಾಡಬೇಕಾದದ್ದು

ಗಡಿಯಾರ ನೋಡಿ ಹೊತ್ತನ್ನು ಬರೆದಿಡಿ. ಮುಂದಿನ ಲೆಕ್ಕವೆಲ್ಲ ಆ ಹೊತ್ತಿನಿಂದಲೇ. "ರಾತ್ರಿ ಯಾವಾಗಲೋ" ಎಂದರೆ ವೈದ್ಯರಿಗೆ ಉಪಯೋಗವಿಲ್ಲ. ಒಗೆದ ಬಿಳಿ ಬಟ್ಟೆ ಅಥವಾ ಪ್ಯಾಡ್ ಇಟ್ಟುಕೊಂಡು ನೀರಿನ ಬಣ್ಣ ನೋಡಿ. ತಿಳಿಯಾಗಿಯೋ ತುಸು ಗುಲಾಬಿಯಾಗಿಯೋ ಇದ್ದರೆ ಸರಿ. ಹಸಿರು ಅಥವಾ ಕಂದು ಬಣ್ಣವಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದರ್ಥ. ಹಸಿರು ನೀರು, ಕೆಟ್ಟ ವಾಸನೆ, ಕೆಂಪು ರಕ್ತ, ತಾಯಿಗೆ ಜ್ವರ, ಮಗುವಿನ ಮಿಸುಕಾಟ ಕಡಿಮೆಯಾದದ್ದು, ಸ್ಕ್ಯಾನಿಂಗಿನಲ್ಲಿ ಮಗು ಅಡ್ಡ ಅಥವಾ ಕಾಲು ಕೆಳಗಿದೆ ಎಂದು ಹೇಳಿದ್ದು, ಇವುಗಳಲ್ಲಿ ಯಾವುದೊಂದು ಇದ್ದರೂ ಕಾಯುವ ಪ್ರಶ್ನೆಯೇ ಇಲ್ಲ. ಹಗ್ಗದಂತಹದು ಹೊರಬಂದಂತೆ ಕಂಡರೆ ಅದು ಹೊಕ್ಕುಳಬಳ್ಳಿ. ಅದನ್ನು ಒಳಗೆ ತಳ್ಳಬೇಡಿ. ಮೊಣಕಾಲೂರಿ, ತಲೆ ತಗ್ಗಿಸಿ, ಸೊಂಟ ಮೇಲಿರುವಂತೆ ಅವಳನ್ನು ಮಲಗಿಸಿಕೊಂಡು ಒಂದು ಕ್ಷಣವೂ ತಡಮಾಡದೆ ಹೊರಡಬೇಕು.

ಸೂಲಗಿತ್ತಿಯನ್ನು ಕರೆಸಿ "ಬಾಯಿ ತೆರೆದಿದೆಯೇ ನೋಡು" ಎಂದು ಕೈ ಹಾಕಿಸುವುದು ಬೇಡವೇ ಬೇಡ. ಒಳಗೆ ಬೆರಳು ಹಾಕಿ ನೋಡಿದಷ್ಟೂ ಸೋಂಕು ಹೆಚ್ಚುತ್ತದೆ. ಇದು ದವಾಖಾನೆಗೂ ಅನ್ವಯ. ಶುದ್ಧ ಮಾಡಿದ ಉಪಕರಣದಿಂದ ಒಮ್ಮೆ ನೋಡಿ ನೀರು ಒಡೆದದ್ದನ್ನು ಖಚಿತಪಡಿಸಿಕೊಂಡರೆ ಸಾಕು. ಬೇನೆ ಶುರುವಾಗುವ ತನಕ ಬಂದ ಬಂದವರೆಲ್ಲ ಕೈಯಿಂದ ಪರೀಕ್ಷಿಸುವ ಅಗತ್ಯವಿಲ್ಲ, ಹಾಗೆ ಮಾಡದಂತೆ ವಿನಯದಿಂದಲೇ ಕೇಳಬಹುದು.

ಬೇನೆ ಇಲ್ಲದಿದ್ದರೂ ದವಾಖಾನೆಗೆ ಹೊರಡಿ. 108ಕ್ಕೆ ಕರೆ ಮಾಡಬಹುದು. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಪಾಡು ಎಲ್ಲರಿಗೂ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ ಹತ್ತು ನಿಮಿಷದ ದಾರಿಗೆ ಒಂದು ತಾಸು ಹಿಡಿಯುತ್ತದೆ. ಮುಧೋಳ, ಜಮಖಂಡಿಯ ತಾಲೂಕು ಆಸ್ಪತ್ರೆಯಿಂದ ಮುಂದೆ ಬಾಗಲಕೋಟೆಗೋ ಮಿರಜಕ್ಕೋ ಕಳಿಸಬೇಕಾಗಿ ಬಂದರೆ ಅದಕ್ಕೂ ಹೊತ್ತು ಬೇಕು. ನಟ್ಟಿರುಳಲ್ಲಿ ಬೇನೆಯೊಂದಿಗೆ ಹೊರಡುವುದಕ್ಕಿಂತ ಬೇನೆ ಇಲ್ಲದಾಗ ಹೊರಡುವುದು ಸುಲಭ. 37 ವಾರ ತುಂಬಿರದಿದ್ದರೆ ಲೆಕ್ಕವೇ ಬೇರೆ. ಆಗ ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಟ್ಟು ಕಾಯಿಸುವುದೂ ಉಂಟು. ಅದಕ್ಕೆ ನವಜಾತ ಶಿಶುಗಳ ಘಟಕ ಇರುವ ದೊಡ್ಡ ಆಸ್ಪತ್ರೆಯೇ ಬೇಕು.

ಕಾಯುವುದೋ, ಬರಿಸುವುದೋ

ಈ ಪ್ರಶ್ನೆಗೆ ದೊಡ್ಡ ಉತ್ತರ ಸಿಕ್ಕಿದ್ದು 1996ರಲ್ಲಿ. ಕೆನಡಾದ ಮೇರಿ ಹ್ಯಾನಾ ಎಂಬ ವೈದ್ಯೆಯ ನೇತೃತ್ವದಲ್ಲಿ ಆರು ದೇಶಗಳ 72 ಆಸ್ಪತ್ರೆಗಳಲ್ಲಿ 5,041 ಗರ್ಭಿಣಿಯರ ಅಧ್ಯಯನ ನಡೆಯಿತು. ಎಲ್ಲರಿಗೂ ತಿಂಗಳು ತುಂಬಿ, ನೀರು ಒಡೆದು, ಬೇನೆ ಬಂದಿರಲಿಲ್ಲ. ಚೀಟಿ ಎತ್ತಿದಂತೆ ಅವರನ್ನು ಹಂಚಿ, ಅರ್ಧ ಜನರಿಗೆ ಕೂಡಲೇ ಬೇನೆ ಬರಿಸಿದರು, ಉಳಿದರ್ಧ ಜನರನ್ನು ನಾಲ್ಕು ದಿನಗಳವರೆಗೂ ಕಾಯಲು ಬಿಟ್ಟರು. ಮಗುವಿನ ಸೋಂಕು ಎಲ್ಲ ಗುಂಪುಗಳಲ್ಲೂ ನೂರಕ್ಕೆ ಎರಡು-ಮೂರರಷ್ಟೇ ಇತ್ತು, ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಿಜೇರಿಯನ್ ಕೂಡ ಎಲ್ಲ ಗುಂಪುಗಳಲ್ಲಿ ನೂರಕ್ಕೆ ಹತ್ತರ ಆಸುಪಾಸು. ಅಂದರೆ, ಬೇನೆ ಬರಿಸಿದ್ದರಿಂದ ಸಿಜೇರಿಯನ್ ಹೆಚ್ಚಲಿಲ್ಲ. ನಮ್ಮ ಮನೆಗಳಲ್ಲಿ ಓಡಾಡುವ ಭಯಕ್ಕೆ ಇದು ನೇರ ಉತ್ತರ. ವ್ಯತ್ಯಾಸ ಕಂಡದ್ದು ತಾಯಿಯ ಸೋಂಕಿನಲ್ಲಿ: ಆಕ್ಸಿಟೋಸಿನ್ ಡ್ರಿಪ್‌ನಿಂದ ಕೂಡಲೇ ಬೇನೆ ಬರಿಸಿದವರಲ್ಲಿ ಗರ್ಭಕೋಶದ ಸೋಂಕು ನೂರಕ್ಕೆ 4 ಇದ್ದರೆ, ಕಾದವರಲ್ಲಿ 8.6.

ಅದೇ ಅಧ್ಯಯನದ ಮುಂದುವರಿದ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಶ ಹೊರಬಂತು. ಕಾದವರಲ್ಲೂ ಆಸ್ಪತ್ರೆಯಲ್ಲಿ ಕಾದವರಿಗಿಂತ ಮನೆಯಲ್ಲಿ ಕಾದವರ ಮಕ್ಕಳಿಗೆ ಸೋಂಕು ಹೆಚ್ಚಾಗಿತ್ತು. ಸೌಕರ್ಯವಿರುವ ದೇಶಗಳಲ್ಲೇ ಹೀಗಾದರೆ ತೋಟದ ಮನೆಯಲ್ಲಿ ಕಾಯುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿಂಗಳು ತುಂಬಿ ನೀರು ಒಡೆದವರಿಗೆ ಬೇನೆ ಬರಿಸುವುದನ್ನೇ ಶಿಫಾರಸು ಮಾಡಿತು. ಬ್ರಿಟನ್ನಿನ ಮಾರ್ಗಸೂಚಿ 24 ತಾಸಿನವರೆಗೆ ಕಾಯುವುದು ಅಥವಾ ಬೇಗ ಬರಿಸುವುದು ಎರಡನ್ನೂ ತಾಯಿಯ ಮುಂದಿಟ್ಟು ಆಯ್ಕೆಯನ್ನು ಅವಳಿಗೆ ಬಿಡುತ್ತದೆ.

ಹೀಗಾಗಿ ಪ್ರಶ್ನೆ ಉಳಿಯುವುದು ಇಷ್ಟೇ: ಆಸ್ಪತ್ರೆ ಸೇರಿದ ಮೇಲೆ ಕೂಡಲೇ ಶುರುಮಾಡಬೇಕೋ, ಅಲ್ಲಿಯೇ ಜ್ವರ, ನಾಡಿ, ಮಗುವಿನ ಎದೆಬಡಿತ ನೋಡಿಸಿಕೊಳ್ಳುತ್ತ 12ರಿಂದ 24 ತಾಸು ಕಾಯಬೇಕೋ. ತಾಯಿ-ಮಗು ಚೆನ್ನಾಗಿದ್ದು ನೀರು ತಿಳಿಯಾಗಿದ್ದರೆ ಎರಡೂ ಒಪ್ಪುವಂಥವೇ. ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲದ ನಮ್ಮ ಕಡೆ ಬೇಗ ಶುರುಮಾಡುವುದರತ್ತ ನನ್ನ ಒಲವು. ಆದರೆ "ಬೆಳತನಕ ನೋಡೋಣ ಡಾಕ್ಟ್ರೇ" ಎಂದು ಹೆಣ್ಣುಮಗಳು ತಾನೇ ಕೇಳಿದರೆ ಅದು ಹಠವಲ್ಲ. ತೀರ್ಮಾನ ಅವಳದು, ಮಾವನದೋ ಸೋದರಮಾವನದೋ ಅಲ್ಲ.

ಬೇನೆ ಬರಿಸುವುದು ಹೇಗೆ ಎಂಬುದು ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆ ಎಂಬುದರ ಮೇಲೆ. ಅದಕ್ಕೆ ವೈದ್ಯರು ಅಂಕ ಕೊಡುತ್ತಾರೆ, ಬಿಷಪ್ ಸ್ಕೋರ್ ಎನ್ನುತ್ತಾರೆ. ಅಂಕ ಕಡಿಮೆಯಿದ್ದರೆ ಮಿಸೊಪ್ರೋಸ್ಟಾಲ್ ಎಂಬ ಮಾತ್ರೆಯನ್ನು ತೀರಾ ಸಣ್ಣ ಪ್ರಮಾಣದಲ್ಲಿ, ಒಂದು ಸಲಕ್ಕೆ 25 ಮೈಕ್ರೋಗ್ರಾಂ, ಕೊಡುತ್ತಾರೆ ಅಥವಾ ಜೆಲ್ ಇಡುತ್ತಾರೆ. ಬಾಯಿ ಮೆತ್ತಗಾಗಿದ್ದರೆ ನೇರವಾಗಿ ಆಕ್ಸಿಟೋಸಿನ್ ಡ್ರಿಪ್. ಹಿಂದೆ ಸಿಜೇರಿಯನ್ ಆಗಿದ್ದರೆ ಅದನ್ನು ತಪ್ಪದೇ ಹೇಳಬೇಕು. ಅಂಥವರಿಗೆ ಮಿಸೊಪ್ರೋಸ್ಟಾಲ್ ಕೊಟ್ಟರೆ ಹಳೆಯ ಹೊಲಿಗೆಯ ಜಾಗ ಹರಿಯುವ ಅಪಾಯವಿದೆ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮನೆಗೆ ಯಾರನ್ನೋ ಕರೆಸಿ "ಬ್ಯಾನಿ ಇಂಜೆಕ್ಷನ್" ಚುಚ್ಚಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಮಗು ಹುಟ್ಟುವ ಮೊದಲು ಆಕ್ಸಿಟೋಸಿನ್ನನ್ನು ಸ್ನಾಯುವಿಗೆ ಚುಚ್ಚಲೇಬಾರದು. ಹನಿ ಎಣಿಸಿ ಡ್ರಿಪ್‌ನಲ್ಲೇ ಕೊಡಬೇಕು, ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಬೇನೆ ಬಂದರೆ ಹನಿ ತಗ್ಗಿಸಬೇಕು ಇಲ್ಲವೇ ನಿಲ್ಲಿಸಬೇಕು. ಒಮ್ಮೆ ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲು ಆಗುವುದಿಲ್ಲ. ಗರ್ಭಕೋಶ ಬಿಗಿಹಿಡಿದು ಮಗುವಿಗೆ ಉಸಿರು ಕಟ್ಟಬಹುದು, ಗರ್ಭಕೋಶವೇ ಒಡೆಯಬಹುದು. ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯಲು ತೊಡೆಗೆ ಕೊಡುವುದು ಇದೇ ಔಷಧ, ಅದು ಸರಿಯಾದ ಬಳಕೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಸಿಜೇರಿಯನ್ ಬಗ್ಗೆ ಇನ್ನಷ್ಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 14.3 ಸಿಜೇರಿಯನ್ ಆದರೆ, ಖಾಸಗಿಯಲ್ಲಿ 47.4. ಹೀಗಾಗಿ ಕೇಳಬೇಕಾದ ಪ್ರಶ್ನೆ "ಬೇನೆ ಬರಿಸಿದರೆ ಕೊಯ್ಯುತ್ತೀರಾ?" ಎಂಬುದಲ್ಲ. "ಬೇನೆ ಬರಿಸಲು ಎಷ್ಟು ತಾಸು ಕೊಡುತ್ತೀರಿ?" ಎಂಬುದು. ತಾಯಿ-ಮಗು ಸುಸ್ಥಿತಿಯಲ್ಲಿದ್ದರೆ, ನೀರು ಒಡೆದ ಮೇಲೆ ಆಕ್ಸಿಟೋಸಿನ್ ಅನ್ನು ಕನಿಷ್ಠ 12ರಿಂದ 18 ತಾಸು ಕೊಟ್ಟು ನೋಡದೆ ಪ್ರಯತ್ನ ವಿಫಲವಾಯಿತು ಎನ್ನಬಾರದು ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘವೇ ಹೇಳಿದೆ. ಚೊಚ್ಚಲಲ್ಲಿ ಒಂದು ಹಗಲು ಒಂದು ರಾತ್ರಿ ಹಿಡಿಯುವುದು ಸಾಮಾನ್ಯ. ಹೊರಗೆ ಕುಳಿತ ನಾವೇ ಮೂರು ತಾಸಿಗೆ ತಾಳ್ಮೆಗೆಟ್ಟು "ಏನಾರ ಮಾಡ್ರಿ, ಆಪರೇಶನ್ನರ ಮಾಡ್ರಿ" ಎಂದು ವೈದ್ಯರ ಬೆನ್ನು ಬೀಳುವುದೂ ಇದೆ.

ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳು

ಔಷಧಿ ಪ್ರಾಣಿಜನ್ಯವೇ? ಕೇಳಬೇಕಾದ ಪ್ರಶ್ನೆಯೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೇನೆ ಬರಿಸಲು ಬಳಸುತ್ತಿದ್ದುದು ಕೊಂದ ದನಗಳ ಮೆದುಳಿನ ಬುಡದ ಗ್ರಂಥಿಯಿಂದ ತೆಗೆದ ಸಾರ. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ನನ್ನು ಪ್ರಯೋಗಾಲಯದಲ್ಲೇ ರಚಿಸಿ ತೋರಿಸಿದರು, 1955ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಆಸ್ಪತ್ರೆಯಲ್ಲಿ ಕೊಡುವುದು ಹೀಗೆ ರಾಸಾಯನಿಕವಾಗಿ ತಯಾರಾದದ್ದು. ಮಿಸೊಪ್ರೋಸ್ಟಾಲ್ ಕೂಡ ಹಾಗೆಯೇ. ಆಂಟಿಬಯಾಟಿಕ್ ಕ್ಯಾಪ್ಸೂಲುಗಳ ಹೊದಿಕೆ ಮಾತ್ರ ಹೆಚ್ಚಾಗಿ ಜೆಲಾಟಿನ್, ಅದು ಪ್ರಾಣಿಜನ್ಯ. ಬೇಡವಾದರೆ ಮಾತ್ರೆ ಅಥವಾ ಇಂಜೆಕ್ಷನ್ ರೂಪದಲ್ಲಿ ಕೊಡಿ ಎಂದು ಕೇಳಬಹುದು.

ಆಕ್ಸಿಟೋಸಿನ್ ಹೆಸರು ನಮ್ಮವರಿಗೆ ಬೇರೆ ಕಾರಣಕ್ಕೆ ಗೊತ್ತು: ಎಮ್ಮೆ-ಆಕಳಿಗೆ ಚುಚ್ಚಿ ಹಾಲು ಹಿಂಡುವ ದುರುಪಯೋಗ. ಅದನ್ನು ತಡೆಯಲೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಇದನ್ನು ತಯಾರಿಸದಂತೆ ಆದೇಶಿಸಿ, ಬೆಂಗಳೂರಿನ ಸರ್ಕಾರಿ ಉದ್ಯಮ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ಮಾತ್ರ ಅವಕಾಶ ಕೊಟ್ಟಿತು. ಬಾಣಂತಿಯರಿಗೆ ಔಷಧ ಸಿಗದೆ ಹೋದೀತೆಂಬ ಆತಂಕ ಎದ್ದು, ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಕೊಟ್ಟಿಗೆಯ ಹಿಂಸೆಯನ್ನು ವಿರೋಧಿಸುವುದಕ್ಕೂ ಹೆರಿಗೆ ಕೋಣೆಯಲ್ಲಿ ಅದೇ ಔಷಧವನ್ನು ಒಪ್ಪುವುದಕ್ಕೂ ವಿರೋಧವಿಲ್ಲ.

ರಾತ್ರಿಭೋಜನ ತ್ಯಾಗದ ನಿಯಮವಿದ್ದವರ ತೊಂದರೆ ನಿಜವಾದದ್ದು. ಬೇನೆ ಬರಿಸಿದರೆ ಹೊತ್ತು ಮುಳುಗಿದ ಮೇಲೂ ಹತ್ತು-ಹನ್ನೆರಡು ತಾಸು ನಡೆಯಬಹುದು. ನೀರೂ ಇಲ್ಲದೆ ಬೇನೆ ತಿಂದರೆ ದೇಹ ಬಸವಳಿಯುತ್ತದೆ. ಹೆರಿಗೆಯ ಹೊತ್ತಿಗೆ ನಿಯಮದಲ್ಲಿ ಯಾವ ರಿಯಾಯಿತಿ ಇದೆ ಎಂದು ಏಳನೇ ತಿಂಗಳಲ್ಲೇ ಮುನಿಮಹಾರಾಜರಲ್ಲೋ ಮಾತಾಜಿಯವರಲ್ಲೋ ಕೇಳಿಕೊಂಡಿರಿ. ಹೆರಿಗೆ ಕೋಣೆಯ ಬಾಗಿಲಲ್ಲಿ ಅತ್ತೆ ತೀರ್ಪು ಕೊಡುವಂತಾಗಬಾರದು. ಸೋಸಿ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ಒಯ್ಯಿರಿ. ದಶಲಕ್ಷಣ ಪರ್ವದಲ್ಲಿ ತುಂಬು ಗರ್ಭಿಣಿ ಉಪವಾಸ ಹಿಡಿದಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಕೊನೆಯದು ಅಮಾವಾಸ್ಯೆ. "ಅಮಾಸಿ ದಾಟಲಿ, ಆಮೇಲೆ ಬರಿಸ್ರಿ" ಎಂದು ಕೇಳುವವರೂ ಇದ್ದಾರೆ, ಒಳ್ಳೆಯ ನಕ್ಷತ್ರಕ್ಕೆಂದು ಅವಸರಪಡಿಸುವವರೂ ಇದ್ದಾರೆ. ನೀರು ಒಡೆದ ಮೇಲೆ ರೋಗಾಣು ಪಂಚಾಂಗ ನೋಡುವುದಿಲ್ಲ. ಭಗವಾನ್ ಮಹಾವೀರರು ನಿರ್ವಾಣ ಹೊಂದಿದ್ದು ಕಾರ್ತಿಕ ಅಮಾವಾಸ್ಯೆಯಂದೇ ಎಂಬುದನ್ನು ದೀಪಾವಳಿ ಆಚರಿಸುವ ನಾವು ಮರೆಯಬಾರದಲ್ಲವೇ?

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ, ಊಟ, ಮನೆಗೆ ಮರಳುವ ವಾಹನ ಎಲ್ಲವೂ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ತಾಯಿ ಕಾರ್ಡ್ ಮರೆಯದೆ ಒಯ್ಯಿರಿ. ಹೆರಿಗೆಯಾದ ಮೇಲೆ, ನೀರು ಒಡೆದು ಎಷ್ಟು ತಾಸಿಗೆ ಮಗು ಹುಟ್ಟಿತು ಎಂಬುದನ್ನು ಮಕ್ಕಳ ವೈದ್ಯರಿಗೂ ಹೇಳಿ. ಮೊದಲ ಎರಡು ದಿನ ಮಗು ಮೊಲೆ ಹಿಡಿಯದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರು ಜೋರಾದರೆ, ಸೊರಗಿ ಮಲಗಿಯೇ ಇದ್ದರೆ, ಬಾಣಂತಿಗೆ ಜ್ವರ ಅಥವಾ ವಾಸನೆಯ ಸ್ರಾವ ಕಂಡರೆ, ಮನೆಗೆ ಬಂದಾಗಿದ್ದರೂ ಅದೇ ದಿನ ಹಿಂದಕ್ಕೆ ಕರೆದೊಯ್ಯಿರಿ.