ಕೊಂಡ ಆಟವು ಯಾರ ಸ್ವತ್ತು?

ಅಂಗಡಿಯಿಂದ ಕೊಂಡುತಂದ ಚದುರಂಗದ ಮಣೆಯು ಸವೆದು ಮುರಿಯುವವರೆಗೂ ನಮ್ಮದು. ಅದನ್ನು ನೆರೆಯವರಿಗೆ ಎರವಲು ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಮಾರಿದ ವರ್ತಕನು ಅಂಗಡಿಯನ್ನು ಮುಚ್ಚಿದನೆಂದು ಮಣೆಯು ಮಾಯವಾಗುವುದಿಲ್ಲ. ಆದರೆ ಇಂದು ನಮ್ಮ ಮನೆಯ ಹುಡುಗರು ಕಂಪ್ಯೂಟರಿನಲ್ಲಿ ಆಡುವ ವಿಡಿಯೋ ಆಟಗಳ ಮಾತು ಬೇರೆ. ಅವುಗಳನ್ನು ಮಾರುವ ಅಂಗಡಿಗೆ ಗೋಡೆಯಿಲ್ಲ, ಕದವಿಲ್ಲ; ಸರಕು ಅಂತರ್ಜಾಲದ ಮೂಲಕ ಮನೆಗೆ ಇಳಿಯುತ್ತದೆ. ಹಣ ತೆರುವವರು ಬಹುಮಟ್ಟಿಗೆ ಗೃಹಸ್ಥರೇ ಆದುದರಿಂದ, ಆಟಗಾರರು ಈ ಅಂಗಡಿಗಳಿಂದ ಬಯಸುವುದೇನೆಂಬುದನ್ನು ನಾವು ಅರಿತಿರುವುದು ಯುಕ್ತವಾಗಿದೆ.

ಅವರ ಮೊದಲನೆಯ ಬಯಕೆಯು ಎಲ್ಲ ಗ್ರಾಹಕರ ಬಯಕೆಯೇ. ಕ್ರಯವು ನ್ಯಾಯವಾಗಿರಬೇಕು, ಸರಕು ಹೇಳಿದಂತೆ ಇರಬೇಕು, ಇಲ್ಲದಿದ್ದರೆ ಹಣವು ಹಿಂದಕ್ಕೆ ಬರಬೇಕು. ಈ ಅಂಗಡಿಗಳಲ್ಲಿ ಬಹು ಪ್ರಸಿದ್ಧವಾದ ಸ್ಟೀಮ್ ಎಂಬುದನ್ನು ಅಮೆರಿಕದ ವಾಲ್ವ್ ಸಂಸ್ಥೆಯವರು ೨೦೦೩ರಲ್ಲಿ ಆರಂಭಿಸಿದರು. ೨೦೧೩ರಿಂದ ಅಲ್ಲಿ ಆಡಿದವರೇ ತಮ್ಮ ವಿಮರ್ಶೆಯನ್ನು ಬರೆಯುವ ಏರ್ಪಾಟಾಯಿತು. ೨೦೧೫ರಿಂದ ನಮ್ಮ ದೇಶದವರು ರೂಪಾಯಿಗಳಲ್ಲಿಯೇ ಬೆಲೆ ತೆರುವಂತಾಯಿತು. ಆದರೆ ಹಣವನ್ನು ಹಿಂದಕ್ಕೆ ಪಡೆಯುವ ಹಕ್ಕು ಸುಲಭವಾಗಿ ದೊರೆಯಲಿಲ್ಲ. ಆಸ್ಟ್ರೇಲಿಯದ ಸರ್ಕಾರಿ ಗ್ರಾಹಕ ಆಯೋಗವು ಈ ವಿಷಯದಲ್ಲಿ ವಾಲ್ವ್ ಸಂಸ್ಥೆಯ ಮೇಲೆ ೨೦೧೪ರಲ್ಲಿ ದಾವೆ ಹೂಡಲು, ೨೦೧೬ರಲ್ಲಿ ನ್ಯಾಯಾಲಯವು ೩೦ ಲಕ್ಷ ಆಸ್ಟ್ರೇಲಿಯನ್ ಡಾಲರುಗಳ ದಂಡವನ್ನು ವಿಧಿಸಿತು. ಈ ನಡುವೆ, ೨೦೧೫ರಲ್ಲಿ, ಸ್ಟೀಮಿನವರು ಒಂದು ನಿಯಮವನ್ನು ಪ್ರಕಟಿಸಿದರು: ಕೊಂಡು ೧೪ ದಿನಗಳು ಮೀರದೆ, ೨ ಗಂಟೆಗಿಂತ ಕಡಿಮೆ ಆಡಿದ್ದರೆ, ಕೇಳಿದವರಿಗೆ ಹಣವು ಹಿಂದಕ್ಕೆ ಬರುವುದು.

ಎರಡನೆಯ ಬಯಕೆಯು ಇದಕ್ಕಿಂತಲೂ ಆಳವಾದುದು. ಕೊಂಡ ಆಟವು ತಮ್ಮಲ್ಲಿ ಉಳಿಯಬೇಕೆಂಬುದೇ ಅದು. ಯೂಬಿಸಾಫ್ಟ್ ಎಂಬ ಫ್ರೆಂಚ್ ಸಂಸ್ಥೆಯವರು ೨೦೧೪ರಲ್ಲಿ ಹೊರತಂದ 'ದಿ ಕ್ರೂ' ಎಂಬ ಮೋಟಾರು ಪಂದ್ಯದ ಆಟವು, ಅವರ ಸರ್ವರ್ ಯಂತ್ರಗಳ ಸಂಪರ್ಕವಿಲ್ಲದೆ ನಡೆಯುವಂತಿರಲಿಲ್ಲ. ೨೦೨೪ರ ಮಾರ್ಚಿಯ ಕೊನೆಗೆ ಅವರು ಆ ಯಂತ್ರಗಳನ್ನು ನಿಲ್ಲಿಸಿದೊಡನೆ, ಪೂರ್ಣ ಬೆಲೆ ತೆತ್ತವರ ಆಟವೂ ನಿಂತುಹೋಯಿತು. ಇದರಿಂದ ನೊಂದವರು ಯೂರೋಪಿನಲ್ಲಿ ಕಾನೂನಿನ ರಕ್ಷಣೆಯನ್ನು ಬೇಡಿ ಮನವಿಯೊಂದನ್ನು ಹೊರಡಿಸಿದರು; ೨೦೨೫ರಲ್ಲಿ ಅದರ ಸಹಿಗಳು ೧೦ ಲಕ್ಷವನ್ನು ಮೀರಿದುವು. ಒಕ್ಕೊರಲಿನ ಮಾತಿಗೆ ಫಲವಿಲ್ಲದಿಲ್ಲ. ೨೦೨೧ರಲ್ಲಿ ಸೋನಿ ಸಂಸ್ಥೆಯವರು ತಮ್ಮ ಹಳೆಯ ಪ್ಲೇಸ್ಟೇಷನ್ ೩ ಯಂತ್ರದ ಅಂಗಡಿಯನ್ನು ಮುಚ್ಚುವೆವೆಂದು ಸಾರಿ, ಆಟಗಾರರು ಆಕ್ಷೇಪಿಸಲು, ಆ ನಿರ್ಧಾರವನ್ನು ಕೈಬಿಟ್ಟರು.

ವರ್ತಕರ ಪಕ್ಷದಲ್ಲಿಯೂ ಹೇಳತಕ್ಕ ಮಾತುಂಟು. ಯಂತ್ರಗಳನ್ನು ನಡೆಸಲು ವೆಚ್ಚವಿದೆ. ಆಡುವವರು ಬೆರಳೆಣಿಕೆಯಷ್ಟಾದ ಮೇಲೆ ಅವುಗಳನ್ನು ಸದಾಕಾಲ ನಡೆಸಿರೆಂದು ಕೇಳುವುದು ನ್ಯಾಯವಲ್ಲ. ಆದರೆ ಮಾರುವಾಗಲೇ ನಿಜವನ್ನು ನುಡಿಯುವುದಕ್ಕೆ ವೆಚ್ಚವೇನಿದೆ? ಈ ಅಂಗಡಿಗಳಲ್ಲಿ ಅನೇಕವು ಮಾರುವುದು ಆಟವನ್ನಲ್ಲ, ಆಡುವ ಪರವಾನಗಿಯನ್ನು ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ ಕಾನೂನಿನಂತೆ, ಇಂತಹ ಪರವಾನಗಿಯನ್ನು ಮಾರುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎಂಬ ಪದವನ್ನು ಬಳಸಕೂಡದು. ಇತ್ತ ಪೋಲೆಂಡಿನಲ್ಲಿ ೨೦೦೮ರಲ್ಲಿ ಆರಂಭವಾದ ಜಿ.ಒ.ಜಿ. ಎಂಬ ಅಂಗಡಿಯವರು ಬೀಗಮುದ್ರೆಯಿಲ್ಲದ ಪ್ರತಿಯನ್ನೇ ಕೊಟ್ಟು, ಕೊಂಡವರು ಅದನ್ನು ತಮ್ಮಲ್ಲಿಯೇ ಇರಿಸಿಕೊಳ್ಳುವಂತೆ ಮಾಡಿದ್ದಾರೆ. ಹೀಗೆ ಮಾಡಿಯೂ ವ್ಯಾಪಾರ ನಡೆಯುವುದೆಂಬುದಕ್ಕೆ ಇದೇ ಸಾಕ್ಷಿ.

ಆದಕಾರಣ ಗೃಹಸ್ಥರು ಹಣ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು. ಅಂತರ್ಜಾಲದ ಸಂಪರ್ಕವಿಲ್ಲದೆ ಈ ಆಟವು ನಡೆಯುವುದೇ? ಪ್ರತಿಯನ್ನು ನಮ್ಮಲ್ಲಿ ಇಟ್ಟುಕೊಳ್ಳಬಹುದೇ? ಹಿಂದಿರುಗಿಸುವ ಗಡುವು ಎಷ್ಟು? ಮಕ್ಕಳಿಗೂ ಇವನ್ನು ಕೇಳುವ ಅಭ್ಯಾಸವನ್ನು ಮಾಡಿಸಿದರೆ, ಆಟದ ನೆವದಿಂದ ವ್ಯವಹಾರದ ಪಾಠವೂ ಆದಂತಾಯಿತು. ಬಾಡಿಗೆಗೆ ಪಡೆಯುವುದು ತಪ್ಪಲ್ಲ. ಬಾಡಿಗೆಯ ವಸ್ತುವಿಗೆ ಸ್ವಂತದ ಬೆಲೆ ತೆತ್ತು, ಅದನ್ನು ಅರಿಯದೆ ಇರುವುದೇ ನಷ್ಟ.