ಯುದ್ಧಕಾಲದ ಆಸ್ಪತ್ರೆಗೆ ಹಾಸಿಗೆಗಳೆಷ್ಟು?

ಯುದ್ಧವು ಸಂಭವಿಸಿದರೆ ಸೈನಿಕ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗಳಿರಬೇಕು? ಗಾಯಾಳುಗಳೆಷ್ಟೋ ಹಾಸಿಗೆಗಳೂ ಅಷ್ಟೇ ಎಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ಲೆಕ್ಕವು ಹಾಗಿಲ್ಲ.

ಕನಕಪುರದ ಹಾದಿಯಲ್ಲಿರುವ ಹಾರೋಹಳ್ಳಿಯ ಬಸ್ಸು ನಿಲ್ದಾಣವನ್ನು ನೆನೆಯೋಣ. ನಿಮಿಷಕ್ಕೆ ಇಬ್ಬರಂತೆ ಜನರು ಬಂದು, ಒಬ್ಬೊಬ್ಬರು ಸರಾಸರಿ 15 ನಿಮಿಷ ಕಾಯುವರೆಂದು ಭಾವಿಸಿದರೆ, ಅಲ್ಲಿ ಯಾವಾಗಲೂ ಸುಮಾರು 30 ಮಂದಿ ಇರುತ್ತಾರೆ. ಬರುವ ವೇಗವನ್ನು ತಂಗುವ ಕಾಲದಿಂದ ಗುಣಿಸಿದರೆ ಸಾಕು. ಅಮೆರಿಕದ ಜಾನ್ ಲಿಟಲ್ ಎಂಬವರು 1961ರಲ್ಲಿ ಈ ನಿಯಮಕ್ಕೆ ಗಣಿತದ ಸಾಧನೆಯನ್ನು ಒದಗಿಸಿದರು.

ಆಸ್ಪತ್ರೆಗೂ ಇದೇ ನಿಯಮ. ದಿನಕ್ಕೆ 20 ಗಾಯಾಳುಗಳು ಬಂದು, ತಲಾ 15 ದಿನ ಉಳಿದರೆ 300 ಹಾಸಿಗೆಗಳು ತುಂಬಿರುತ್ತವೆ. ಗುಣವಾಗಲು 30 ದಿನ ಹಿಡಿದರೆ, ಗಾಯಾಳುಗಳ ಸಂಖ್ಯೆ ಹೆಚ್ಚದಿದ್ದರೂ 600 ಬೇಕಾಗುತ್ತವೆ.

ಹಾಗಾದರೆ 300 ಹಾಸಿಗೆಗಳನ್ನು ಹಾಕಿ ಸುಮ್ಮನಿರಬಹುದೇ? ಕೂಡದು; 300 ಎಂಬುದು ಸರಾಸರಿ ಮಾತ್ರ. ಗಾಯಾಳುಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುವರೆಂದು ಭಾವಿಸಿದರೂ ಈ ಸಂಖ್ಯೆಯು ತನ್ನ ವರ್ಗಮೂಲದಷ್ಟು, ಎಂದರೆ ಸುಮಾರು 17ರಷ್ಟು, ಏರಿಳಿಯುತ್ತದೆ. ಅದರ ಎರಡರಷ್ಟನ್ನು ಕೂಡಿಸಿ 334 ಹಾಸಿಗೆಗಳನ್ನಿಟ್ಟರೆ ನೂರರಲ್ಲಿ ಸುಮಾರು 97 ದಿನ ಕೊರತೆಯಾಗದು. ಆದರೆ ಕದನದಲ್ಲಿ ಗಾಯಾಳುಗಳು ಗುಂಪುಗುಂಪಾಗಿಯೇ ಬರುತ್ತಾರೆ. ಆದುದರಿಂದ ಇಷ್ಟೂ ಸಾಲದು.

ಇದಕ್ಕೆ ಪರಿಹಾರವೆಂದರೆ ಪ್ರಯಾಣಕ್ಕೆ ಶಕ್ತರಾದವರನ್ನು ಹಿಂದಿನ ಊರುಗಳಿಗೆ ಸಾಗಿಸುವುದು. ರಣರಂಗದ ಬಳಿ ಐದೇ ದಿನ ಇರಿಸಿಕೊಂಡರೆ ಅಲ್ಲಿ 100 ಹಾಸಿಗೆಗಳು ಸಾಕು. ಮಿಕ್ಕ 200 ಸುರಕ್ಷಿತ ಸ್ಥಳದಲ್ಲಿರಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ರಣರಂಗದಿಂದ ಬಹುದೂರದ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿಯೂ ಸೈನಿಕ ಆಸ್ಪತ್ರೆಗಳಿದ್ದುದರ ಔಚಿತ್ಯವು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಸ್ಥಳ ಸಾಲದೆಂದು ಮಂಚಗಳನ್ನು ಒತ್ತೊತ್ತಾಗಿ ಹಾಕುವುದೂ ಅಪಾಯಕರ. 1854ರಲ್ಲಿ ಕ್ರೈಮಿಯಾ ಯುದ್ಧದ ಗಾಯಾಳುಗಳು ಸ್ಕುಟಾರಿಯ ಆಸ್ಪತ್ರೆಯಲ್ಲಿ ಕಿಕ್ಕಿರಿದರು. ಅಲ್ಲಿ ಗಾಯಗಳಿಗಿಂತ ಸೋಂಕುರೋಗಗಳಿಂದ ಸತ್ತವರೇ ಹೆಚ್ಚು. 1855ರಲ್ಲಿ ಚರಂಡಿ, ಗಾಳಿ ಮತ್ತು ನೀರಿನ ವ್ಯವಸ್ಥೆಯನ್ನು ಸರಿಪಡಿಸಿದ ತರುವಾಯ ಸಾವುಗಳು ಬಹಳ ಮಟ್ಟಿಗೆ ಇಳಿದವು. ಫ್ಲಾರೆನ್ಸ್ ನೈಟಿಂಗೇಲ್ ಅವರು ಮುಂದೆ ಅಂಕಿಅಂಶಗಳ ಚಿತ್ರಗಳಿಂದ ಇದನ್ನೇ ಲೋಕಕ್ಕೆ ತೋರಿಸಿಕೊಟ್ಟರು.

ಹಾಸಿಗೆಯೆಂದರೆ ಬರಿಯ ಮಂಚವಲ್ಲ. ಅದರೊಡನೆ ವೈದ್ಯರು, ದಾದಿಯರು, ರಕ್ತ, ಔಷಧ, ಶುದ್ಧಜಲ ಎಲ್ಲವೂ ಸೇರಿವೆ. ಡೇರೆ ಹೂಡಿ ಒಂದೇ ದಿನದಲ್ಲಿ ನೂರು ಮಂಚಗಳನ್ನು ಹಾಕಬಹುದು. ಶಸ್ತ್ರವೈದ್ಯರನ್ನೂ ದಾದಿಯರನ್ನೂ ತರಬೇತುಗೊಳಿಸಲು ವರ್ಷಗಳೇ ಬೇಕು. ಆದುದರಿಂದ ಯುದ್ಧಕಾಲದ ಹಾಸಿಗೆಗಳನ್ನು ನಾವು ಎಣಿಸತಕ್ಕದ್ದು ಶಾಂತಿಕಾಲದಲ್ಲಿಯೇ.