ಡೇಟಾ ವಿಶ್ಲೇಷಣೆಯ ಸರ್ವರ್: ಲೆಕ್ಕ ತಪ್ಪುವುದೆಲ್ಲಿ?

ಮಾರಾಟ, ದಾಸ್ತಾನು, ವಸೂಲಿಗಳ ಹಲವು ವರ್ಷಗಳ ಲೆಕ್ಕವನ್ನು ಕ್ಷಣದಲ್ಲಿ ಒಟ್ಟುಗೂಡಿಸಿ ತೋರಿಸುವುದು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನ ಅನಾಲಿಸಿಸ್ ಸರ್ವಿಸಸ್‌ನ ಕೆಲಸ. ಅದಕ್ಕೆ ಯಂತ್ರ ಕೊಳ್ಳಲು ಕುಳಿತವರು ಮೊದಲು ಕೇಳುವುದು ‘ಎಷ್ಟು ಕೋರ್ ಬೇಕು?’ ಎಂದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ.

ತಪ್ಪು ಕಲ್ಪನೆ: ಡೇಟಾಬೇಸ್‌ಗೆ ಲೈಸೆನ್ಸ್ ಇದ್ದರೆ, ಅನಾಲಿಸಿಸ್ ಸರ್ವಿಸಸ್ ಅನ್ನು ಬೇರೆ ಸರ್ವರ್‌ನಲ್ಲಿ ಪುಕ್ಕಟೆ ಹಾಕಿಕೊಳ್ಳಬಹುದು.

ಸತ್ಯ: ಲೈಸೆನ್ಸ್ ಲೆಕ್ಕ ನಡೆಯುವುದು ತಂತ್ರಾಂಶ ಓಡುವ ಸರ್ವರ್‌ನ ಮೇಲೆ. ಡೇಟಾಬೇಸ್, ಅನಾಲಿಸಿಸ್ ಸರ್ವಿಸಸ್ ಎರಡೂ ಒಂದೇ ಸರ್ವರ್‌ನಲ್ಲಿದ್ದರೆ ಒಂದೇ ಲೈಸೆನ್ಸ್ ಸಾಕು. ಬೇರ್ಪಡಿಸಿದರೆ ಎರಡನೆಯದಕ್ಕೂ ಪೂರ್ತಿ ತೆರಬೇಕು. ಒಂದರ ಹೊರೆ ಇನ್ನೊಂದನ್ನು ನಿಜಕ್ಕೂ ಕಾಡುತ್ತಿದ್ದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ.

ತಪ್ಪು ಕಲ್ಪನೆ: 2 ಕೋರ್‌ನ ಪುಟ್ಟ ವರ್ಚುವಲ್ ಯಂತ್ರ ಮಾಡಿಕೊಂಡರೆ ಹಣ ಉಳಿಯುತ್ತದೆ.

ಸತ್ಯ: ಕೋರ್ ಲೆಕ್ಕದ ಪದ್ಧತಿ ಬಂದದ್ದು 2012ರ ಆವೃತ್ತಿಯಿಂದ. ಲೈಸೆನ್ಸ್‌ಗಳನ್ನು ಎರಡೆರಡು ಕೋರ್‌ಗಳ ಜೋಡಿಯಾಗಿ ಮಾರುತ್ತಾರೆ. ಆದರೆ ಪ್ರತಿ ವರ್ಚುವಲ್ ಯಂತ್ರಕ್ಕೂ ಕನಿಷ್ಠ 4 ಕೋರ್‌ಗಳ ಲೈಸೆನ್ಸ್ ಕಡ್ಡಾಯ. 2 ಕೋರ್ ಬಳಸಿದರೂ ಬಿಲ್ ನಾಲ್ಕಕ್ಕೇ.

ತಪ್ಪು ಕಲ್ಪನೆ: ಎಲ್ಲರೂ ಒಂದೇ ಪೋರ್ಟಲ್ ಮೂಲಕ ವರದಿ ನೋಡುವುದರಿಂದ ಬಳಕೆದಾರರ ಲೈಸೆನ್ಸ್ ಒಂದಿದ್ದರೆ ಸಾಕು.

ಸತ್ಯ: ಸ್ಟ್ಯಾಂಡರ್ಡ್ ಎಡಿಷನ್‌ನಲ್ಲಿ ಕೋರ್ ಬದಲು ಸರ್ವರ್‌ಗೊಂದು, ಬಳಕೆದಾರ ಅಥವಾ ಸಾಧನಕ್ಕೊಂದು ಎಂದು ಲೈಸೆನ್ಸ್ ಪಡೆಯುವ ದಾರಿಯೂ ಇದೆ. ಆಗ ಎಣಿಸಬೇಕಾದದ್ದು ಪೋರ್ಟಲ್‌ನ ಆಚೆ ತುದಿಯಲ್ಲಿ ಕುಳಿತವರನ್ನು.

ತಪ್ಪು ಕಲ್ಪನೆ: ಸರ್ವರ್‌ಗೆ 128 ಜಿಬಿ ಮೆಮೊರಿ ಹಾಕಿದರೆ ಅಷ್ಟೂ ಬಳಕೆಯಾಗುತ್ತದೆ.

ಸತ್ಯ: ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ. 2016ರಿಂದ 2022ರವರೆಗಿನ ಆವೃತ್ತಿಗಳ ಸ್ಟ್ಯಾಂಡರ್ಡ್ ಎಡಿಷನ್‌ನಲ್ಲಿ ಟ್ಯಾಬ್ಯುಲರ್ ಎಂಬ ಬಗೆಯ ಡೇಟಾ ಮಾದರಿಗೆ, ಒಂದು ಇನ್‌ಸ್ಟೆನ್ಸ್‌ನಲ್ಲಿ (ಸರ್ವರ್‌ನಲ್ಲಿ ಸ್ಥಾಪಿಸಿದ ಒಂದು ಪ್ರತಿಯಲ್ಲಿ) ಸಿಗುವುದು 16 ಜಿಬಿ ಮಾತ್ರ. ದುಬಾರಿಯಾದ ಎಂಟರ್‌ಪ್ರೈಸ್ ಎಡಿಷನ್‌ಗೆ ಈ ಮಿತಿಯಿಲ್ಲ. ಟ್ಯಾಬ್ಯುಲರ್ ಮಾದರಿ ಇಡೀ ಡೇಟಾವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಸಾಲದ್ದಕ್ಕೆ, ಮಾದರಿಯನ್ನು ಪೂರ್ತಿ ಪ್ರೊಸೆಸ್ ಮಾಡುವಾಗ, ಅಂದರೆ ಡೇಟಾವನ್ನು ಹೊಸದಾಗಿ ತುಂಬುವಾಗ, ಹೊಸ ಪ್ರತಿ ಸಿದ್ಧವಾಗುವವರೆಗೆ ಹಳೆಯದೂ ಉಳಿದಿರುತ್ತದೆ. ಹಾಗಾಗಿ ಹಗಲಿಡೀ 10 ಜಿಬಿಯಲ್ಲಿ ನೆಮ್ಮದಿಯಾಗಿದ್ದ ಮಾದರಿ ರಾತ್ರಿಯ ಪ್ರೊಸೆಸಿಂಗ್ ವೇಳೆ 20 ಜಿಬಿ ಕೇಳಿ ಮಿತಿಗೆ ತಲೆ ಬಡಿದುಕೊಳ್ಳುತ್ತದೆ.

ಎಂಟರ್‌ಪ್ರೈಸ್ ಕೊಳ್ಳುವ ಮೊದಲು ಮಾದರಿಯ ಗಾತ್ರ ಇಳಿಸಲು ನೋಡಿ. ಒಂದು ಕಾಲಂನಲ್ಲಿ ಬೇರೆ ಬೇರೆ ಮೌಲ್ಯಗಳು ಹೆಚ್ಚಾದಷ್ಟೂ ಅದು ಕುಗ್ಗುವುದು ಕಡಿಮೆ. ದಿನಾಂಕ ಮತ್ತು ಸಮಯ ಸೆಕೆಂಡಿನವರೆಗೆ ಒಂದೇ ಕಾಲಂನಲ್ಲಿದ್ದರೆ, ಒಂದು ವರ್ಷಕ್ಕೆ 3 ಕೋಟಿಗೂ ಮೀರಿದ ಮೌಲ್ಯಗಳು ಸಾಧ್ಯ. ಎರಡು ಕಾಲಂ ಮಾಡಿದರೆ ಒಂದರಲ್ಲಿ 365, ಇನ್ನೊಂದರಲ್ಲಿ ಹೆಚ್ಚೆಂದರೆ 86,400. ವರದಿಗೆ ಬೇಡದ ಬಿಲ್ ಸಂಖ್ಯೆಯಂಥ ಕಾಲಂ ಇದ್ದರೆ ತೆಗೆದೇಬಿಡಿ. ದೊಡ್ಡ ಟೇಬಲ್ ಅನ್ನು ತಿಂಗಳವಾರು ಭಾಗ ಮಾಡಿ, ಬದಲಾದ ಭಾಗವನ್ನಷ್ಟೇ ಪ್ರೊಸೆಸ್ ಮಾಡಿದರೆ ರಾತ್ರಿಯ ಹೊರೆಯೂ ಇಳಿಯುತ್ತದೆ.

ತಪ್ಪು ಕಲ್ಪನೆ: ಕೋರ್ ಹೆಚ್ಚಿದಷ್ಟೂ ವರದಿ ಬೇಗ ಬರುತ್ತದೆ.

ಸತ್ಯ: ಟ್ಯಾಬ್ಯುಲರ್‌ನಲ್ಲಿ ಡೇಟಾ ಓದುವ ಎಂಜಿನ್ ಹಲವು ಕೋರ್‌ಗಳನ್ನು ಬಳಸಬಲ್ಲದು; ಸೂತ್ರ ಲೆಕ್ಕ ಹಾಕುವ ಎಂಜಿನ್ ಒಂದು ಕ್ವೆರಿಗೆ ಒಂದೇ ಕೋರ್ ಬಳಸುತ್ತದೆ. ಓದುವ ಎಂಜಿನ್ ಕೂಡ ಕೆಲಸ ಹಂಚುವುದು ಸೆಗ್ಮೆಂಟ್ ಲೆಕ್ಕದಲ್ಲಿ. ಒಂದು ಸೆಗ್ಮೆಂಟ್‌ನಲ್ಲಿ ಸಾಮಾನ್ಯವಾಗಿ ಸುಮಾರು 80 ಲಕ್ಷ ಸಾಲುಗಳಿರುತ್ತವೆ. ಭಾಗ ಮಾಡದ 50 ಲಕ್ಷ ಸಾಲಿನ ಟೇಬಲ್‌ಗೆ ಇರುವುದೇ ಒಂದು ಸೆಗ್ಮೆಂಟ್, ಅದನ್ನು ಓದುವುದೂ ಒಂದೇ ಕೋರ್. ಒಬ್ಬರ ವರದಿ ತಡವಾಗುತ್ತಿದ್ದರೆ ವೇಗದ ಪ್ರೊಸೆಸರ್ ಬೇಕು. ಒಟ್ಟೊಟ್ಟಿಗೆ ನೂರು ಜನ ಕೇಳುತ್ತಿದ್ದರೆ ಹೆಚ್ಚು ಕೋರ್ ಬೇಕು.

ತಪ್ಪು ಕಲ್ಪನೆ: ಪುಕ್ಕಟೆ ಡೆವಲಪರ್ ಎಡಿಷನ್‌ನಲ್ಲಿ ಓಡಿದ್ದು ಸ್ಟ್ಯಾಂಡರ್ಡ್‌ನಲ್ಲೂ ಓಡುತ್ತದೆ.

ಸತ್ಯ: 2016ರಿಂದ 2022ರವರೆಗಿನ ಆವೃತ್ತಿಗಳಲ್ಲಿ ಡೆವಲಪರ್ ಎಡಿಷನ್‌ಗೆ ಎಂಟರ್‌ಪ್ರೈಸ್‌ನ ಸೌಲಭ್ಯಗಳೆಲ್ಲ ಇವೆ. ನಿತ್ಯದ ವ್ಯವಹಾರಕ್ಕೆ ಅದನ್ನು ಬಳಸುವಂತಿಲ್ಲ. ಪರೀಕ್ಷೆಯಲ್ಲಿ 30 ಜಿಬಿ ನುಂಗಿ ಪಾಸಾದ ಮಾದರಿ ಸ್ಟ್ಯಾಂಡರ್ಡ್‌ಗೆ ಬಂದ ದಿನ ನಿಂತುಹೋಗುತ್ತದೆ.

ಆದ್ದರಿಂದ ಮೊದಲು ಮಾದರಿಯ ಗಾತ್ರ ಇಳಿಸಿ, ಪ್ರೊಸೆಸಿಂಗ್ ವೇಳೆ ಮೆಮೊರಿ ಎಷ್ಟು ಏರುತ್ತದೆಂದು ಅಳೆಯಿರಿ. ಆ ಅಂಕಿ ಎಡಿಷನ್ ಯಾವುದೆಂದು ಹೇಳುತ್ತದೆ. ಒಟ್ಟಿಗೆ ಬರುವ ಬಳಕೆದಾರರ ಸಂಖ್ಯೆ ಕೋರ್ ಎಷ್ಟೆಂದು ಹೇಳುತ್ತದೆ. ಮಾರಾಟಗಾರರಿಂದ ಕೊಟೇಷನ್ ಕೇಳುವುದು ಅನಂತರ.